ಪದ ಬೇಕು: ಡಿಪೆಂಡೆನ್ಸಿ, ಪ್ರಾಕ್ಸಿ (ನಾಳೆಗೇ)

ಎಲ್ಲರಿಗೂ ನಮಸ್ಕಾರ. ಶಾಲೆಯ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಕನ್ನಡದಲ್ಲಿ ಒಂದು ಸೂಚನೆ ಹಚ್ಚಬೇಕು. ಯಂತ್ರಗಳಲ್ಲಿರುವುದು ಕೈಟ್‌ನವರ (ಕೇರಳದ ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಉಬುಂಟು, ವಿಂಡೋಸ್‌ನ ಹಾಗಿನ ಆಪರೇಟಿಂಗ್ ಸಿಸ್ಟಮ್. ಒಂದು ಪ್ಯಾಕೇಜ್ (ಸಾಫ್ಟ್‌ವೇರಿನ ಕಟ್ಟು) ಹಾಕುವಾಗ ಅದಕ್ಕೆ ಬೇಕಾಗುವ ಬೇರೆ ಪ್ಯಾಕೇಜಿಗೆ ‘ಅವಲಂಬಿತ ಪ್ಯಾಕೇಜ್’ ಅಂತ ಬರೆದಿದ್ದೇನೆ. ಡೌನ್‌ಲೋಡ್ ಹಾದುಬರುವ ನಡುವಿನ ಕಂಪ್ಯೂಟರ್, ಅಂದರೆ ಪ್ರಾಕ್ಸಿಗೆ ‘ಪ್ರತಿನಿಧಿ ಸರ್ವರ್’. ಸರಿ ಇದೆಯೇ? ನಾಳೆ ಬೆಳಿಗ್ಗೆ ಪ್ರಿಂಟ್‌ಗೆ ಕೊಡಬೇಕು.
— ಬದಿಯಡ್ಕದಿಂದ

> ಅವಲಂಬಿತ ಪ್ಯಾಕೇಜ್

ತಪ್ಪು. ಉಲ್ಟಾ ಆಗಿದೆ. ಸರಕಾರಿ ಫಾರ್ಮಿನಲ್ಲಿ ಅವಲಂಬಿತರು ಅಂದರೆ ಯಾರು ಟೀಚರೇ? ಸಾಕುವವರಲ್ಲ, ಅವರನ್ನು ನಂಬಿಕೊಂಡವರು. ವೀಡಿಯೊ ನೋಡುವ ವಿಎಲ್‌ಸಿಗೆ ಒಂದು ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್) ಬೇಕು ಅಂದರೆ ಅವಲಂಬಿತ ಆಗುವುದು ವಿಎಲ್‌ಸಿ, ಲೈಬ್ರರಿ ಅಲ್ಲ. ಪ್ಯಾಕೇಜ್ ಹಾಕುವ ಆಪ್ಟ್‌ ಎಂಬ ಪ್ರೋಗ್ರಾಂನಲ್ಲಿ ಇವೆರಡಕ್ಕೆ ಬೇರೆ ಬೇರೆ ಆಜ್ಞೆಯೇ ಇದೆ. ‘ಡಿಪೆಂಡ್ಸ್’ ಕೊಟ್ಟರೆ ಇದಕ್ಕೆ ಏನೇನು ಬೇಕು ಅಂತ ತೋರಿಸುತ್ತದೆ. ‘ಆರ್‌ಡಿಪೆಂಡ್ಸ್’ ಕೊಟ್ಟರೆ ಇದು ಯಾವುದಕ್ಕೆಲ್ಲ ಬೇಕು ಅಂತ. ನಿಮ್ಮ ಪದ ಎರಡನ್ನೂ ಕಲಸಿಬಿಡುತ್ತದೆ.

ಮಲಯಾಳದ ‘ಆಶ್ರಿತ’ವನ್ನು ಎತ್ತಿ ತರುವುದೂ ಬೇಡ. ಆಶ್ರಿತ ನಿಯಮನ ಅಂದರೆ ಇಲ್ಲಿ ಮಕ್ಕಳಿಗೂ ಗೊತ್ತು, ನೌಕರ ತೀರಿಹೋದರೆ ಮನೆಯವರಿಗೆ ಸಿಗುವ ಕೆಲಸ. ಅದೂ ಅದೇ ಉಲ್ಟಾ ದಿಕ್ಕು. ‘ಆಸರೆ’ ಅನ್ನಿ. ಒಳ್ಳೆಮೆಣಸಿನ ಬಳ್ಳಿಗೆ ಅಡಿಕೆ ಮರ ಇದ್ದ ಹಾಗೆ. ‘ಆಧಾರ’ ಅಂತೂ ಬೇಡ, ಮಕ್ಕಳು ಕಾರ್ಡ್ ಹಿಡಿದುಕೊಂಡು ಬರುತ್ತಾರೆ.
— ಕುಂಬಳೆಯಿಂದ

ಆಸರೆ ಆಶ್ರಯದ ತದ್ಭವ. ಅಂದರೆ ಕುಂಬಳೆಯವರು ಬಾಗಿಲಲ್ಲಿ ಓಡಿಸಿದ್ದನ್ನು ಕಿಟಕಿಯಲ್ಲಿ ಕರೆದುಕೊಂಡರು. ನೆಚ್ಚು ಎಂಬ ನಮ್ಮದೇ ಧಾತು ಇದೆ, ‘ನೆಚ್ಚಿಕೆ’ ಸಾಕು.

ಪ್ರಾಕ್ಸಿ ವಿಷಯ. ಅದು ಇಂಗ್ಲಿಷಿನ ಪ್ರೊಕ್ಯುರಸಿ ಸವೆದು ಆದದ್ದು. ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹಾರ ಮಾಡುವ ಅಧಿಕಾರ. ನಮ್ಮ ದಸ್ತಾವೇಜುಗಳಲ್ಲಿ ಇದಕ್ಕೆ ಮುಕ್ತಿಯಾರು ಎಂಬ ಪದ ಇದ್ದೇ ಇದೆ. ಹಾಗಾಗಿ ‘ಮುಕ್ತಿಯಾರು ಸರ್ವರ್’.
— ಮಂಜೇಶ್ವರದಿಂದ

> ನಮ್ಮದೇ ಧಾತು
> ಮುಕ್ತಿಯಾರು

ಮುಕ್ತಿಯಾರು ಅರಬ್ಬಿ, ಮಾಷ್ಟ್ರೇ! ಸಂಸ್ಕೃತದ ತದ್ಭವ ಆಗುವುದಿಲ್ಲ, ಅರಬ್ಬಿ ಆಗುತ್ತದೆ, ಇಂಗ್ಲಿಷ್ ಮೈಲಿಗೆ. ಇದು ಯಾವ ಲೆಕ್ಕ? ಕ್ಲಾಸಿನಲ್ಲಿ ಪ್ರಾಕ್ಸಿ ಹಾಕುವುದು ಎಲ್ಲ ಹುಡುಗರಿಗೂ ಗೊತ್ತು. ಅರ್ಥವೂ ಸರಿಯಾಗಿ ಕೂರುತ್ತದೆ. ಪ್ರಾಕ್ಸಿ ಇರಲಿ.
— ಕುಂಬಳೆಯಿಂದ

ಹೀಗೆ ‘ಇರಲಿ ಇರಲಿ’ ಅಂದೇ ಎಲ್ಲ ಹೋದದ್ದು. ಬೆಂಗಳೂರಿನವರು ಬೇಕಾದಷ್ಟು ಇಂಗ್ಲಿಷ್ ಬೆರೆಸಲಿ, ಅವರಿಗೆ ಅದೊಂದು ಶೋಕಿ. 1956ರಿಂದ ಕೇರಳದೊಳಗೆ ಇದ್ದುಕೊಂಡು ಒಂದೊಂದು ಕನ್ನಡ ಬೋರ್ಡಿಗೂ ಅರ್ಜಿ ಹಿಡಿದು ತಿರುಗಿದವರು ಕಾಸರಗೋಡಿನ ನಾವು. ನಾವೂ ಹಾಗೇ ಬರೆದರೆ ಬೋರ್ಡಿನಲ್ಲಿ ಕನ್ನಡ ಅಂತ ಉಳಿಯುವುದು ಲಿಪಿ ಮಾತ್ರ.
— ಮಂಜೇಶ್ವರದಿಂದ

ಅರ್ಜಿಯೂ ಅರಬ್ಬಿಯೇ. ಇರಲಿ. ಕನ್ನಡ ಬೋರ್ಡು ಅರ್ಥವಾಗದಿದ್ದರೆ ಮಕ್ಕಳು ಪಕ್ಕದ ಮಲಯಾಳ ಬೋರ್ಡನ್ನೇ ಓದುತ್ತಾರೆ. ಆಮೇಲೆ ಲಿಪಿಯೂ ಬೇಕಾಗುವುದಿಲ್ಲ.
— ಕುಂಬಳೆಯಿಂದ

ಟೀಚರೇ, ಇವರ ಜಗಳ ನಾಳೆ ಬೆಳಿಗ್ಗೆಗೆ ಮುಗಿಯುವ ಹಾಗೆ ಕಾಣುವುದಿಲ್ಲ. ಪದ ಯಾವುದಾದರೂ ಹಾಕಿ, ಸೆಟ್ಟಿಂಗ್ ತಪ್ಪಬಾರದು. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಎಕ್ಸ್‌ಪೋರ್ಟ್ ಮಾಡಿದ ಪ್ರಾಕ್ಸಿಯನ್ನು ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಸಾಮಾನ್ಯವಾಗಿ ದಾಟಿಸುವುದಿಲ್ಲ. ಹಾಗಾಗಿ ಬ್ರೌಸರ್ ಓಡುತ್ತದೆ, ಆಪ್ಟ್ ಸುಮ್ನೆ ನಿಂತಿರುತ್ತದೆ. ಆಪ್ಟ್‌ನ ಕಾನ್ಫಿಗ್ ಫೋಲ್ಡರಿನಲ್ಲೇ ಪ್ರಾಕ್ಸಿಯ ಸಾಲು ಬರೆದಿಡಿ. ಎಚ್‌ಟಿಟಿಪಿ ಪ್ರಾಕ್ಸಿ ಎಂಬ ವೇರಿಯಬಲ್ಲಿನ ಹೆಸರು ಸಣ್ಣ ಅಕ್ಷರದಲ್ಲೇ ಇರಲಿ, ದೊಡ್ಡ ಅಕ್ಷರದ್ದನ್ನು ಡೌನ್‌ಲೋಡ್ ಮಾಡುವ ಕರ್ಲ್ ಆಜ್ಞೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಸಾಲುಗಳನ್ನು ಮಾತ್ರ ದಯವಿಟ್ಟು ಅನುವಾದ ಮಾಡಬೇಡಿ. ಪೋರ್ಟ್ ನಂಬರನ್ನೂ ಸೇರಿಸಿ. ಪ್ರಾಕ್ಸಿ ನಡೆಸುವ ಸಾಫ್ಟ್‌ವೇರ್ ಸ್ಕ್ವಿಡ್ ಆದರೆ ಜಾಸ್ತಿಯಾಗಿ 3128 ಇರುತ್ತದೆ.
— ಉಪ್ಪಳದಿಂದ

ಸ್ಕ್ವಿಡ್ ಅಂದರೆ ಸಮುದ್ರದ ಬೊಂಡಾಸ್ ಮೀನು ಅಲ್ವಾ? ಅದನ್ನೂ ಹಾಗೇ ಬಿಡುವುದೋ?
— ಮಂಜೇಶ್ವರದಿಂದ