ಹೆಣೆದ ಜೋಡು ನೇತುಹಾಕಿದರೆ ಬಿಚ್ಚಿಕೊಳ್ಳುತ್ತಿದೆ. ಉಕ್ಕಿನ ತಗಡಿಗೆ ಬಿದರಿಯ ಕಪ್ಪು ಹಿಡಿಯುವುದೇ?

ಕೋಟೆಮಗ್ಗುಲು (ಬೀದರ್):

ಎಲ್ಲರಿಗೂ ಶರಣು. ಬೀದರ್‌ನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳನ್ನು ಕೋಟೆಗೆ ಕರೆದೊಯ್ದಾಗ, ರಂಗೀನ್ ಮಹಲಿನ ಮುತ್ತುಚಿಪ್ಪಿನ ಕೆಲಸವನ್ನು ಅರೆಗಳಿಗೆಯಲ್ಲಿ ನೋಡಿ ಮುಗಿಸುವ ಹುಡುಗರು, ಇಲ್ಲಿ ಕಾವಲಿದ್ದ ಸಿಪಾಯಿ ಮೈಮೇಲೆ ಏನು ತೊಡುತ್ತಿದ್ದ ಎಂಬುದನ್ನು ಮಾತ್ರ ಬಿಡದೆ ಕೇಳುತ್ತಾರೆ. ಚಿತ್ರ ತೋರಿಸಿ ಸಾಕಾಗಿ, ಕಳೆದ ದೀಪಾವಳಿ ರಜೆಯಲ್ಲಿ ನಾನೇ ಒಂದು ಜೋಡು ಹೆಣೆಯಲು ಕುಳಿತೆ. ಹಳೆಯ ಕಾವ್ಯಗಳಲ್ಲಿ ಜೋಡು ಎಂದರೆ ಕವಚ, ಸೀಸಕ ಎಂದರೆ ಶಿರಸ್ತ್ರಾಣ. ಆದರೆ ನಮ್ಮ ಕಡೆ ಜೋಡು ಎಂದರೆ ಕಾಲಿಗೆ ಮೆಟ್ಟುವುದಾದ್ದರಿಂದ, ಮನೆಯವರು ಮೊದಲ ವಾರವೆಲ್ಲ ನಾನು ಚಪ್ಪಲಿ ಹೊಲಿಯುತ್ತಿದ್ದೇನೆಂದೇ ತಿಳಿದಿದ್ದರು.

ಸೆಂಟ್ರಿಂಗ್ ಕೆಲಸದಲ್ಲಿ ಸಲಾಕೆ ಕಟ್ಟುವ 18 ಗೇಜಿನ ಕಪ್ಪು ತಂತಿಯನ್ನು 8 ಮಿಲಿಮೀಟರ್ ಸಲಾಕೆಗೆ ಸುತ್ತಿ, ಕತ್ತರಿಸಿ, ಒಂದೊಂದು ಬಳೆಯೊಳಗೆ ನಾಲ್ಕು ಬಳೆಗಳು ಹಾಯುವಂತೆ ಹೆಣೆಯುತ್ತಿದ್ದೇನೆ. ಇಲ್ಲಿಯವರೆಗೆ ಸುಮಾರು 9,000 ಬಳೆಗಳಾಗಿವೆ. ಎದೆಯ ಮತ್ತು ಬೆನ್ನಿನ ಭಾಗಗಳು ಪಕ್ಕೆಲುಬಿನವರೆಗೆ ಬಂದಿವೆ. ಹೋದ ವಾರ ಅದನ್ನು ರಾತ್ರಿ ಗೂಟಕ್ಕೆ ನೇತುಹಾಕಿ ಮಲಗಿದ್ದೆ. ಬೆಳಗ್ಗೆ ನೋಡಿದರೆ ಹೆಗಲಿನ ಕೆಳಗಿನ ಎರಡು ಸಾಲುಗಳು ಬಾಯಿ ಬಿಟ್ಟು, ಹೊಲಿಗೆ ಬಿಚ್ಚಿದ ಅಂಗಿಯಂತೆ ಒಂದು ಮಗ್ಗುಲು ಜೋತುಬಿದ್ದಿತ್ತು. ಇನ್ನೂ ಸೊಂಟದವರೆಗೆ ಹೆಣೆಯುವುದಿರುವಾಗ ಈಗಲೇ ಹೀಗಾದರೆ ಮುಂದೇನು?

ಎರಡನೆಯ ಪ್ರಶ್ನೆ ತಗಡುಗಳದು. ಜೋಡಿನ ಮೇಲೆ ಎದೆಗೆ, ಬೆನ್ನಿಗೆ, ಎರಡು ಪಕ್ಕೆಗಳಿಗೆ ಒಂದೊಂದರಂತೆ ನಾಲ್ಕು ತಗಡು ಕಟ್ಟುವ, ನಾಲ್ಕು ಕನ್ನಡಿಗಳು ಎಂಬ ಅರ್ಥದಲ್ಲಿ ಚಾರ್ ಆಯಿನಾ ಎಂದು ಕರೆಯುವ ಪದ್ಧತಿಯನ್ನು ಅನುಸರಿಸಬೇಕೆಂದಿದ್ದೇನೆ. ತಗಡು ಸಾದಾ ಉಕ್ಕು, 1.2 ಮಿಲಿಮೀಟರ್ ದಪ್ಪ. ಬೀದರ್‌ನಲ್ಲಿ ಇದ್ದುಕೊಂಡು ಬೇರೆ ಕಪ್ಪು ಯಾಕೆ ಎಂದು, ಪರಿಚಿತರೊಬ್ಬರಿಂದ, ಬೆಳ್ಳಿ ಕೂಡಿಸಿದ ಬಿದರಿ ಸಾಮಾನುಗಳನ್ನು ಕಪ್ಪಾಗಿಸಲು ಬಳಸುವ ಮಣ್ಣನ್ನು ಒಂದು ಹಿಡಿ ತಂದು, ನವಸಾಗರದೊಂದಿಗೆ (ಅಮೋನಿಯಂ ಕ್ಲೋರೈಡ್) ಕಲಸಿ, ಕಾಯಿಸಿದ ತಗಡಿನ ತುಂಡಿಗೆ ಹಚ್ಚಿದೆ. ಕಪ್ಪಾಗಲಿಲ್ಲ. ಮರುದಿನ ಕೆಂಪಗೆ ಜಂಗು ಹಿಡಿದಿತ್ತು. ನನ್ನ ಕೈ ತಪ್ಪಿತೋ, ಮಣ್ಣೇ ಸರಿಯಿರಲಿಲ್ಲವೋ?

ಫಿಟ್ಟರ್‌ಮನೆ (ಕಲಬುರಗಿ):

ಗುರುಗಳೇ, ನಿಮ್ಮ ಹೆಣಿಗೆ ತಪ್ಪಿಲ್ಲ, ತಂತಿ ತಪ್ಪಿದೆ. ಸಲಾಕೆ ಕಟ್ಟುವ ತಂತಿಯನ್ನು ಬೇಕೆಂದೇ ಕಾಯಿಸಿ ಮೆತ್ತಗೆ ಮಾಡಿರುತ್ತಾರೆ. ಎರಡು ಸುತ್ತು ತಿರುವಿದರೆ ಗಂಟು ನಿಲ್ಲಬೇಕು, ಪುಟಿದು ಹಿಂದಕ್ಕೆ ಬರಬಾರದು ಎಂಬುದೇ ಅದರ ಗುಣ. ನಿಮಗೆ ಬೇಕಾಗಿರುವುದು ಇದಕ್ಕೆ ನೇರ ವಿರುದ್ಧವಾದದ್ದು. ಬೇಲಿಗೆ ಬಳಸುವ, ಸತು ಲೇಪಿಸಿದ 16 ಗೇಜಿನ ಜಿ.ಐ. ತಂತಿಯನ್ನು ತನ್ನಿ. ಅದರ ದಪ್ಪ ಸುಮಾರು 1.6 ಮಿಲಿಮೀಟರ್, ನಿಮ್ಮದು 1.2. ನೋಡಲು ಇದು ಅಲ್ಪ ವ್ಯತ್ಯಾಸವೆನಿಸಿದರೂ, ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, ಒಂದೇ ಗುಣದ ಉಕ್ಕಿನಲ್ಲೂ ಬಳೆ ಎರಡು ಪಟ್ಟಿಗಿಂತ ಹೆಚ್ಚು ಬಲವಾಗುತ್ತದೆ. ನಿಮ್ಮ 8 ಮಿಲಿಮೀಟರ್ ಸಲಾಕೆಯನ್ನೇ ಬಳಸಿ. ಬಳೆಯ ಒಳಗಿನ ಅಗಲ ತಂತಿಯ ದಪ್ಪದ ಐದು ಪಟ್ಟಿನ ಹತ್ತಿರ ಇದ್ದರೆ ಹೆಣಿಗೆ ಒತ್ತಾಗಿಯೂ ಇರುತ್ತದೆ, ಮಡಚಿಕೊಳ್ಳುತ್ತದೆ ಕೂಡ. ನಿಮ್ಮದು ಈಗ ಆರೂವರೆ ಪಟ್ಟು ಆಗಿರುವುದರಿಂದ ಸಡಿಲವಾಗಿ ಜೋಲುತ್ತಿದೆ.

ಆದರೆ ಭಾರದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಈ ಅಳತೆಯಲ್ಲಿ ಒಂದು ಕಿಲೋ ತಂತಿಗೆ ಸುಮಾರು 2,000 ಬಳೆಗಳು ಬರುತ್ತವೆ. ಅರ್ಧ ತೋಳಿನ, ಸೊಂಟ ದಾಟುವ ಅಂಗಿಗೆ 20,000 ಬಳೆ ಹಿಡಿದರೆ 10 ಕಿಲೋ. ನಿಮ್ಮ ಎದೆ ತಗಡು 25 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲವಿದ್ದರೆ ಅದೊಂದೇ ಅರ್ಧ ಕಿಲೋಗೆ ಹತ್ತಿರ ಬರುತ್ತದೆ. ನಾಲ್ಕೂ ಸೇರಿ ಒಂದೂವರೆ ಕಿಲೋ ಎಂದಿಟ್ಟುಕೊಳ್ಳಿ. ಒಂಬತ್ತನೆಯ ತರಗತಿಯ ಹುಡುಗನಿಗೆ ತೊಡಿಸಿ ವೇದಿಕೆಯ ಮೇಲೆ ಅರ್ಧ ಗಂಟೆ ನಿಲ್ಲಿಸುವ ಉದ್ದೇಶವಿದ್ದರೆ ಈಗಲೇ ಯೋಚಿಸುವುದು ಒಳ್ಳೆಯದು.

ಇನ್ನು ಬಾಯಿ ಬಿಡುವ ವಿಷಯ. ಸಾಧಾರಣ ಕಟಿಂಗ್ ಪ್ಲೈಯರ್ ತಂತಿಯನ್ನು ಎರಡೂ ಕಡೆಯಿಂದ ಹಿಸುಕಿ ತುಂಡರಿಸುವುದರಿಂದ ತುದಿಗಳು ಗುಡಿಸಲಿನ ಮಾಡಿನಂತೆ ಚೂಪಾಗುತ್ತವೆ. ಅಂತಹ ಎರಡು ತುದಿಗಳು ಎಷ್ಟೇ ಒತ್ತಿದರೂ ಮುಖಕ್ಕೆ ಮುಖ ಕೂಡುವುದಿಲ್ಲ. ನಡುವೆ ಉಳಿಯುವ ಸಂದಿನಲ್ಲಿ ಪಕ್ಕದ ಬಳೆ ಜಾರಿ ಸಿಕ್ಕಿಕೊಂಡು ಅಗಲಿಸುತ್ತದೆ. ಸುತ್ತಿದ ಸುರುಳಿಯನ್ನು ಮರದ ಹಿಡಿಕೆಯಲ್ಲಿ ಬಿಗಿದು ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಕೊಯ್ದರೆ ತುದಿ ಸಪಾಟಾಗಿ ಬರುತ್ತದೆ. ಬಳೆ ತೆರೆಯುವಾಗಲೂ ಅಗಲಕ್ಕೆ ಎಳೆಯಬೇಡಿ. ಒಂದು ತುದಿ ಮುಂದೆ, ಇನ್ನೊಂದು ಹಿಂದೆ ಹೋಗುವಂತೆ ತಿರುವಿ ತೆರೆಯಿರಿ, ಹಾಗೆಯೇ ತಿರುವಿ ಮುಚ್ಚಿ. ಮುಚ್ಚುವಾಗ ತುದಿಗಳನ್ನು ಒಂದನ್ನೊಂದು ಕೂದಲೆಳೆಯಷ್ಟು ದಾಟಿಸಿ ಬಿಟ್ಟರೆ ತಂತಿಯ ಪುಟಿತಕ್ಕೆ ಅವು ತಾವಾಗಿ ಬಂದು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಗ ಟಿಕ್ ಎಂದು ಕೈಗೆ ತಿಳಿಯುವ ಸಣ್ಣ ತಾಕು ಇರುತ್ತದೆ. ಅದು ಅಭ್ಯಾಸವಾದ ಮೇಲೆ ನೋಡುವುದೇ ಬೇಡ.

ನೇತುಹಾಕಿದ ದಿಕ್ಕನ್ನೂ ಪರೀಕ್ಷಿಸಿ. ಈ ಹೆಣಿಗೆಗೆ ಬಟ್ಟೆಯಂತೆ ಎಳೆಯ ದಿಕ್ಕು ಇದೆ. ಒಂದು ಕಡೆಗೆ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಇನ್ನೊಂದು ಕಡೆಗೆ ಬಿಗಿದು ನಿಲ್ಲುತ್ತದೆ. ಹಿಗ್ಗುವ ದಿಕ್ಕು ಮೈಸುತ್ತ ಬರಬೇಕು. ಅದು ಮೇಲಿಂದ ಕೆಳಕ್ಕೆ ಬಂದರೆ ಅಂಗಿ ತನ್ನ ಭಾರಕ್ಕೆ ತಾನೇ ಉದ್ದವಾಗಿ ಎದೆಯನ್ನು ಬಿಗಿಯುತ್ತದೆ.

ಬೆಳ್ಳಿಎಳೆ (ಬೀದರ್):

ಸರ್, ನಮ್ಮದು ಬಿದರಿ ಕೆಲಸದ ಮನೆ. ಮಣ್ಣಿನ ತಪ್ಪೂ ಅಲ್ಲ, ನಿಮ್ಮ ಕೈಯ ತಪ್ಪೂ ಅಲ್ಲ. ಬಿದರಿಯ ಕಪ್ಪು ಹಚ್ಚುವ ಬಣ್ಣವಲ್ಲ; ಸತುವಿನ ಮಿಶ್ರಲೋಹದಲ್ಲಿ ಮಾತ್ರ ಮೂಡುವ ಕಪ್ಪು. ನಾವು ಎರಕ ಹೊಯ್ಯುವ ಲೋಹದಲ್ಲಿ ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಇರುತ್ತದೆ. ಅರ ಹಾಕಿ, ಚಿತ್ರ ಬಿಡಿಸುವ ಮೊದಲು ಮೈಲುತುತ್ತದ ನೀರು ಬಳಿದಾಗ ಆ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಗೀರಿದ ಗೆರೆ ಬೆಳ್ಳಗೆ ಕಾಣುತ್ತದೆ. ಬೆಳ್ಳಿ ಕೂಡಿಸಿ ನಯಮಾಡಿದ ಮೇಲೆ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಹಾಕಿದಾಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗಿ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಹಳೆಯ ಗೋಡೆಗಳ ಒಳಗಿನ ಮಣ್ಣನ್ನು ನಮ್ಮ ಹಿರಿಯರು ನಾಲಗೆಗೆ ಹಚ್ಚಿ ನೋಡಿಯೇ ಆರಿಸುತ್ತಿದ್ದರು. ಆ ಮಣ್ಣಿಗೆ ಉಕ್ಕಿನ ಮೇಲೆ ಕೆಲಸವಿಲ್ಲ. ನವಸಾಗರಕ್ಕೆ ಇದೆ, ಆದರೆ ಅದು ಕಬ್ಬಿಣವನ್ನು ತಿನ್ನುವ ಕೆಲಸ. ನೀವು ಮರುದಿನ ಕಂಡ ಜಂಗು ಅದೇ. ಆ ತುಂಡನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸದಿದ್ದರೆ ಉಜ್ಜಿದಷ್ಟೂ ಮತ್ತೆ ಜಂಗು ಬರುತ್ತಲೇ ಇರುತ್ತದೆ.

ಹಾಗಾದರೆ ತಗಡನ್ನೇ ಬಿದರಿ ಲೋಹದಲ್ಲಿ ಎರಕ ಹೊಯ್ಯಬಹುದಲ್ಲ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಬೇಡ. ಆ ಲೋಹ ಬಾಗುವುದಿಲ್ಲ, ಕೈ ಜಾರಿ ಬಿದ್ದರೆ ಒಡೆಯುತ್ತದೆ. ತಗಡು ಉಕ್ಕಿನದೇ ಇರಲಿ. ನಡುವೆ ಒಂದು ಸಣ್ಣ ಬಿದರಿ ಬಿಲ್ಲೆ ಕೂಡಿಸಬೇಕೆಂದರೆ ಅದು ನಿಮ್ಮ ಇಷ್ಟ, ಆದರೆ ಮಕ್ಕಳಿಗೆ ಅದನ್ನು ಇತಿಹಾಸವೆಂದು ಹೇಳಬೇಡಿ.

ಉಕ್ಕಿಗೆ ಕಪ್ಪು ಬೇಕಾದರೆ ನಮ್ಮ ಭಾಗದಲ್ಲೇ ಸಿಗುವ ಅಗಸಿ ಎಣ್ಣೆ ಸಾಕು. ಹೊಸ ರೊಟ್ಟಿ ಹಂಚನ್ನು ಪಳಗಿಸುವ ರೀತಿಯಲ್ಲೇ ಮಾಡಬೇಕು. ತಗಡನ್ನು ಉಸುಕುಕಾಗದದಿಂದ ಬೆಳ್ಳಗೆ ಉಜ್ಜಿ, ಎಣ್ಣೆ ಸವರಿ, ಸವರಿದ್ದು ಕಾಣದಷ್ಟು ಒರೆಸಿ, ಇದ್ದಿಲ ಒಲೆಯ ಮೇಲೆ ಹೊಗೆ ನಿಲ್ಲುವವರೆಗೆ ಕಾಯಿಸಿ. ಮೊದಲ ಸಲ ಬೆಲ್ಲದ ಬಣ್ಣ ಬರುತ್ತದೆ. ಮೂರು ನಾಲ್ಕು ಸಲ ಆದ ಮೇಲೆ ಕಪ್ಪು. ಎಣ್ಣೆ ಹೆಚ್ಚಾದರೆ ಅಂಟಂಟಾಗಿ ಗುಳ್ಳೆ ಏಳುತ್ತದೆ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಅರಿವೆಯ ಮುದ್ದೆಗೆ ಯಾರೂ ಹಚ್ಚದೆ ಬೆಂಕಿ ಹತ್ತಬಹುದು; ನೀರಿನಲ್ಲಿ ನೆನೆಸಿಡಿ ಅಥವಾ ಬಯಲಿನಲ್ಲಿ ಹರವಿ.

ಮೇಲಿನವರು ಹೇಳಿದ ಜಿ.ಐ. ತಂತಿಯ ಹೆಣಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬೆಂಕಿಗೆ ಹಿಡಿಯಬೇಡಿ. ಮೇಲಿನ ಲೇಪ ಸತುವಿನದು. ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, ಇನ್ನೂ ಕಾಯಿಸಿದರೆ ಬಿಳಿ ಹೊಗೆ ಏಳುತ್ತದೆ, ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ಎರಕದ ಕೆಲಸದಲ್ಲಿ ನಾನು ಅದನ್ನು ಅನುಭವಿಸಿದ್ದೇನೆ.

ಕೋಟೆಮಗ್ಗುಲು (ಬೀದರ್):

ಇಬ್ಬರಿಗೂ ಕೃತಜ್ಞತೆಗಳು. ಕೋಟೆಯ ಮಣ್ಣು ಸತುವನ್ನಷ್ಟೇ ಕಪ್ಪಾಗಿಸುತ್ತದೆ ಎಂಬುದು, ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ ನನಗೆ ತಿಳಿದಿರಲಿಲ್ಲ. ಹಳೆಯ 9,000 ಬಳೆಗಳನ್ನು ಬಿಚ್ಚುವುದಿಲ್ಲ. ಅದನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡಲು ಹಾಗೆಯೇ ಇಡುತ್ತೇನೆ. ಎರಡು ಕಿಲೋ ಜಿ.ಐ. ತಂತಿ ತಂದು ಹ್ಯಾಕ್ಸಾದಿಂದ ಕೊಯ್ದು ಗೇಣಗಲದ ತುಂಡು ಹೆಣೆದೆ. ಅದರ ಒಂದು ಅಂಚನ್ನು ಕೋಲಿಗೆ ಪೋಣಿಸಿ, ಇನ್ನೊಂದು ಅಂಚಿಗೆ 5 ಕಿಲೋ ಜೋಳದ ಚೀಲ ಕಟ್ಟಿ ರಾತ್ರಿಯೆಲ್ಲ ಬಿಟ್ಟಿದ್ದೆ. ಒಂದು ಬಳೆಯೂ ಬಾಯಿ ಬಿಟ್ಟಿಲ್ಲ.

ಉಳಿದಿರುವುದು ಹೆಗಲಿನ ನೋವು. ಹಳೆಯದು ಎರಡೂವರೆ ಕಿಲೋ ಕೂಡ ಇರಲಿಲ್ಲ. ಬನಿಯನ್ ಮೇಲೆ ತೊಟ್ಟು ಹತ್ತು ನಿಮಿಷ ಓಡಾಡುವಷ್ಟರಲ್ಲಿ ಹೆಗಲಿನ ಮೂಳೆಯ ಮೇಲೆ ಬಳೆಯ ಗುರುತು ಮೂಡಿತ್ತು. ಹತ್ತು ಕಿಲೋ ಹೊತ್ತು ಆ ಕಾಲದ ಸಿಪಾಯಿಗಳು ಕುದುರೆ ಹೇಗೆ ಏರಿದರು? ರಿವೆಟ್ ಹಾಕಿದ ಬಳೆಗಳನ್ನು ಮನೆಯಲ್ಲಿ ಮಾಡಲು ಸಾಧ್ಯವೇ ಎಂಬುದನ್ನೂ ಹೇಳಿ.

ಕೌದಿಹೊಲಿಗೆ (ಸುರಪುರ):

ಗುರುಗಳೇ, ಬನಿಯನ್ ಮೇಲೆ ಉಕ್ಕು ತೊಟ್ಟರೆ ಯಾರಿಗಾದರೂ ನೋಯುತ್ತದೆ. ನಾನು ದರ್ಜಿ ಕೆಲಸದವಳು. ನಾಟಕದವರಿಗಾಗಿ ಎರಡು ಸಲ ಇಂತಹ ಅಂಗಿಗಳಿಗೆ ಒಳ ಅಂಗಿ ಹೊಲಿದುಕೊಟ್ಟಿದ್ದೇನೆ. ಹಳೆಯ ಹತ್ತಿ ಸೀರೆಯನ್ನು ಐದಾರು ಪದರ ಮಾಡಿ, ಕೌದಿ ಹೊಲಿಯುವ ಹಾಗೆಯೇ ಬೆರಳಗಲದ ಸಾಲಿನಲ್ಲಿ ಓಡುಹೊಲಿಗೆ ಹಾಕಿ, ತೋಳಿಲ್ಲದ ಅಂಗಿ ಮಾಡಿ. ಹೆಗಲಿನ ಮೇಲೆ ಮಾತ್ರ ಇನ್ನೂ ನಾಲ್ಕು ಪದರ ಸೇರಿಸಿ. ಮೊದಲನೆಯದರಲ್ಲಿ ನಾನು ಹತ್ತಿಯನ್ನು ಸಡಿಲವಾಗಿ ತುಂಬಿದ್ದೆ. ಎರಡನೆಯ ಪ್ರದರ್ಶನದ ಹೊತ್ತಿಗೆ ಅದೆಲ್ಲ ಕೆಳಗಿಳಿದು ಪಾತ್ರಧಾರಿಗೆ ಹೊಟ್ಟೆ ಬಂದಂತಾಗಿತ್ತು. ಪದರವೇ ಮೇಲು.

ಅದಕ್ಕಿಂತ ಮುಖ್ಯವಾದದ್ದು ನಡುಪಟ್ಟಿ. ಅಗಲವಾದ ತೊಗಲಿನ ಪಟ್ಟಿಯನ್ನು ಜೋಡಿನ ಮೇಲೆ ಬಿಗಿದು, ಪಟ್ಟಿಯ ಮೇಲ್ಭಾಗದ ಹೆಣಿಗೆಯನ್ನು ಸ್ವಲ್ಪ ಮೇಲಕ್ಕೆ ಎಳೆದು ಪಟ್ಟಿಯ ಮೇಲೆ ಜೋಲುವಂತೆ ಬಿಡಬೇಕು. ಆಗ ಭಾರದ ದೊಡ್ಡ ಪಾಲು ಹೆಗಲು ಬಿಟ್ಟು ಸೊಂಟದ ಮೂಳೆಗೆ ಇಳಿಯುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಂಕುಳಿನಲ್ಲಿ ತೋಳನ್ನು ನೇರವಾಗಿ ಮೈಗೆ ಕೂಡಿಸಬೇಡಿ. ಕೈ ಎತ್ತಿದ ಕೂಡಲೇ ಅಂಗಿಯೆಲ್ಲ ಮೇಲೇಳುತ್ತದೆ ಮತ್ತು ಅಲ್ಲಿನ ಬಳೆಗಳೇ ಮೊದಲು ಬಿಚ್ಚುತ್ತವೆ. ಜುಬ್ಬಾಕ್ಕೆ ಇಡುವಂತೆ ಚೌಕಾಕಾರದ ಒಂದು ತುಂಡನ್ನು ಓರೆಯಾಗಿ ಅಲ್ಲಿ ಕೂಡಿಸಿ.

ಫಿಟ್ಟರ್‌ಮನೆ (ಕಲಬುರಗಿ):

ಅಕ್ಕನವರು ನಡುಪಟ್ಟಿಯ ವಿಷಯ ಹೇಳಿದ್ದು ಸರಿಯಾಯಿತು. ನಾನು ಲೋಹದ ಗುಂಗಿನಲ್ಲಿ ಅದನ್ನು ಮರೆತೇಬಿಟ್ಟಿದ್ದೆ.

ರಿವೆಟ್ ಬಳೆ ಮನೆಯಲ್ಲಿ ಖಂಡಿತ ಸಾಧ್ಯ. ಅದಕ್ಕೆ ಜಿ.ಐ. ತಂತಿ ಬೇಡ, ಮೆತ್ತಗಿನ ಕಪ್ಪು ತಂತಿಯೇ ಬೇಕು. ನಿಮ್ಮ ಹಳೆಯ ಸುರುಳಿಗೆ ಇಲ್ಲಿ ಕೆಲಸವಿದೆ. ಬಳೆಯ ತುದಿಗಳು ಒಂದರ ಮೇಲೊಂದು ಬರುವಂತೆ ಕತ್ತರಿಸಿ, ಆ ಜಾಗವನ್ನು ಅಡಿಗಲ್ಲಿನ ಮೇಲೆ ಬಡಿದು ಚಪ್ಪಟೆ ಮಾಡಿ, ಚಾಣದಿಂದ ತೂತು ಇಟ್ಟು, ಅದರಲ್ಲಿ ಸಣ್ಣ ತಂತಿಯ ತುಣುಕು ತೂರಿಸಿ ಎರಡೂ ಕಡೆ ತಲೆ ಕೂರಿಸಬೇಕು. ಒಂದು ಬಳೆಗೆ ಒಂದು ನಿಮಿಷವೆಂದರೂ 20,000 ಬಳೆಗೆ 333 ಗಂಟೆಯಾಯಿತು. ಹಿಂದಿನವರು ಕೂಡ ಶ್ರಮ ಉಳಿಸುತ್ತಿದ್ದರು. ಭಾರತದ ಅನೇಕ ಹಳೆಯ ಜೋಡುಗಳಲ್ಲಿ ಒಂದು ಸಾಲು ಬೆಸುಗೆಯಿಲ್ಲದಂತೆ ಕಾಣುವ ಇಡಿ ಬಳೆ, ಮುಂದಿನ ಸಾಲು ರಿವೆಟ್ ಬಳೆ. ಇಡಿ ಬಳೆಯ ಬದಲು ಅಂಗಡಿಯ ಸಣ್ಣ ವಾಷರ್ ಬಳಸಿದರೆ ನಿಮ್ಮ ಕೆಲಸವೂ ಅರ್ಧವಾಗುತ್ತದೆ. 19ನೆಯ ಶತಮಾನದ ಹೊತ್ತಿಗೆ, ಯುದ್ಧಕ್ಕಿಂತ ಮೆರವಣಿಗೆಗೆಂದು ಮಾಡಿದ ಎಷ್ಟೋ ಜೋಡುಗಳಲ್ಲಿ ನೀವು ಹೆಣೆದಂತೆ ಬರಿ ತುದಿ ಕೂಡಿಸಿದ ಬಳೆಗಳೇ ಇವೆ, ನಡುವೆ ಹಿತ್ತಾಳೆ ತಾಮ್ರದ ಬಳೆಗಳಿಂದ ಚಿತ್ರ ಬಿಡಿಸಿರುತ್ತಾರೆ. ಆದ್ದರಿಂದ ಪ್ರದರ್ಶನಕ್ಕೆ ನಿಮ್ಮದು ಕಡಿಮೆಯೇನಲ್ಲ. ಎದೆಯ ಮೇಲೆ ಗೇಣಗಲ ರಿವೆಟ್ ಬಳೆ ಕೂಡಿಸಿ ವ್ಯತ್ಯಾಸ ತೋರಿಸಿದರೆ ಸಾಕು.

ಒಂದು ಆಕ್ಷೇಪವಿದೆ. ನಾಲ್ಕು ತಗಡುಗಳನ್ನು ಬೇರೆಯಾಗಿ ಮೇಲೆ ಕಟ್ಟಿದರೆ, ಫಲಕದಲ್ಲಿ ಬಹಮನಿ ಪ್ರಧಾನಿ ಮಹಮೂದ್ ಗಾವಾನನ ಕಾಲದ ಸಿಪಾಯಿ ಎಂದು ಬರೆಯಬೇಡಿ. ಅವನ ಮದರಸಾ ಎದ್ದದ್ದು 1472ರಲ್ಲಿ. ಆ ಕಾಲಕ್ಕೆ ಹೊಂದುವುದು ಚಿಕ್ಕ ತಗಡುಗಳನ್ನು ಹೆಣಿಗೆಯ ನಡುವೆಯೇ ಬಳೆಗಳಿಂದ ಕೂಡಿಸಿದ ಜೋಡು. ಆಗ ಬೀದರ್‌ಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಇಲ್ಲಿನ ಆನೆಗಳಿಗೂ ಉಕ್ಕಿನ ತಗಡು ತೊಡಿಸಿದ್ದನ್ನು ಬರೆದಿಟ್ಟಿದ್ದಾನೆ. ಚಾರ್ ಆಯಿನಾ ಅದಕ್ಕಿಂತ ಈಚಿನದು. 1657ರಲ್ಲಿ ಔರಂಗಜೇಬ್ ಕೋಟೆಗೆ ಮುತ್ತಿಗೆ ಹಾಕಿದಾಗಿನ ಸಿಪಾಯಿ ಎಂದರೆ ಸರಿಹೋಗುತ್ತದೆ.

ತಗಡಿಗೆ ಪಟ್ಟಿಯ ತೂತುಗಳನ್ನು ಬಾಗಿಸುವ ಮೊದಲೇ ಕೊರೆಯಿರಿ, ಬಾಗಿದ ಮೇಲೆ ಡ್ರಿಲ್ ಜಾರುತ್ತದೆ. ಹುಣಸೆ ದಿಮ್ಮಿಯಲ್ಲಿ ತಟ್ಟೆಯಷ್ಟು ಆಳದ ಗುಳಿ ತೋಡಿ, ಗುಂಡುತಲೆಯ ಸುತ್ತಿಗೆಯಿಂದ ಅಂಚಿನಿಂದ ನಡುವಿನ ಕಡೆಗೆ ಸುತ್ತುತ್ತ ಬಡಿಯಿರಿ. ಅಂಚುಗಳನ್ನು ಅರದಿಂದ ಮೊಂಡು ಮಾಡಿದ ಮೇಲೆಯೇ ಅಗಸಿ ಎಣ್ಣೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಮಧ್ಯಾಹ್ನ ಓಣಿಯವರು ಮಲಗುವ ಹೊತ್ತನ್ನು ಬಿಟ್ಟು ಕೆಲಸ ಮಾಡಿ.