ವೆಲ್ಡಿಂಗ್ ಕಲಿತರೆ ದುಡ್ಡೆಷ್ಟು, ಮೈ ಎಷ್ಟು ವರ್ಷ ತಡೆಯುತ್ತೆ?

ಪ್ರಶ್ನೆ: ಅಣ್ಣಾ, ನನಗೀಗ 19. ವೆಲ್ಡಿಂಗ್ ಕಲಿಯೋ ಆಸೆ. ಮನೆಯಲ್ಲಿ "ನಲವತ್ತಕ್ಕೇ ಮುದುಕನಾಗ್ತೀಯ" ಅಂತಾರೆ. ಗೆಳೆಯ ನೋಡಿದ್ರೆ ಆಫೀಸಿನವರಿಗಿಂತ ಜಾಸ್ತಿ ದುಡೀಬಹುದು ಅಂತಾನೆ. ಯಾರನ್ನ ನಂಬಲಿ?

ಉತ್ತರ (24 ವರ್ಷದಿಂದ ವೆಲ್ಡರ್): ಮೊದಲು ದುಡ್ಡಿನ ವಿಷಯ. ದಿನಗೂಲಿ ಇಷ್ಟು ಅಂತ ಯಾರಾದ್ರೂ ಹೇಳಿದ್ರೆ ಅದನ್ನ 30ರಿಂದ ಗುಣಿಸಬೇಡ ತಮ್ಮಾ. ಕಬ್ಬಿಣ ಬರದ ದಿನ, ಮಳೆ ಬಂದ ದಿನ, ಒಂದು ಕೆಲಸ ಮುಗಿದು ಇನ್ನೊಂದು ಸಿಗೋವರೆಗಿನ ದಿನ ಎಲ್ಲಾ ಕಳೀಬೇಕು. ನಾನು ತಿಂಗಳಿಗೆ 20 ದಿನ ಅಂತಲೇ ಲೆಕ್ಕ ಹಾಕೋದು. ಮುಖ ಮುಚ್ಚೋ ಹೆಲ್ಮೆಟ್ಟು, ಗ್ಲೌಸು, ಕಬ್ಬಿಣ ಉಜ್ಜೋ ಗ್ರೈಂಡರು ನಿನ್ನದೇ ಆದ್ರೆ ಅದೂ ಕಳಿ.

ಶುರುವಿನ ಎರಡು ಮೂರು ವರ್ಷ ಹೆಲ್ಪರ್ ಸಂಬಳವೇ. ಎತ್ತೋದು, ಹಿಡಿಯೋದು, ಉಜ್ಜೋದು. ಗೆಳೆಯ ಹೇಳೋ ದುಡ್ಡು ಪೈಪ್ ವೆಲ್ಡರ್‌ಗೆ ಸಿಗೋದು. 45 ಡಿಗ್ರಿ ಓರೆಯಾಗಿ ಕೂರಿಸಿದ, ತಿರುಗಿಸೋಕೆ ಬಾರದ ಪೈಪಿಗೆ ಸುತ್ತಲೂ ವೆಲ್ಡಿಂಗ್ ಜೋಡಣೆ ಹಾಕೋ ಪರೀಕ್ಷೆ ಇದೆ, 6ಜಿ ಅಂತಾರೆ. ಅದು ಪಾಸಾದ್ರೆ ಕೂಲಿ ಮಾತಾಡೋ ದನಿಯೇ ಬೇರೆ. ಗೇಟು, ಗ್ರಿಲ್ಲಲ್ಲೇ ನಿಂತವನಿಗೆ ಎಷ್ಟು ವರ್ಷವಾದ್ರೂ ಅಷ್ಟೇ. ಓವರ್‌ಟೈಮಿನಿಂದ ಸಂಬಳ ತುಂಬಿಸಿಕೊಳ್ಳೋದನ್ನ ನಾನು ಸಂಬಳ ಅಂತ ಕರೆಯಲ್ಲ, ಮೈ ಅಡ ಇಟ್ಟು ತಂದ ಸಾಲ ಅದು.

ಪ್ರಶ್ನೆ: ಮೈಗೆ ನಿಜವಾಗ್ಲೂ ಏನಾಗುತ್ತೆ?

ಉತ್ತರ: ಎಲ್ಲರೂ ಭಾರದ ಬಗ್ಗೆ ಹೆದರ್ತಾರೆ. ನನ್ನನ್ನ ತಿಂದಿದ್ದು ಭಂಗಿ. ತಲೆ ಮೇಲಿನ ಜೋಡಣೆ ಹಾಕುವಾಗ ಕತ್ತು ಹಿಂದಕ್ಕೆ ಬಾಗಿ, ಕೈ ಎತ್ತಿ, ಉಸಿರು ಹಿಡಿದು ನಿಂತಿರ್ತೀಯ. ಆಗಲೇ ಒಂದು ಕಿಡಿ ಕಾಲರ್ ಒಳಗೆ ಬೀಳುತ್ತೆ. ಬೆನ್ನ ಮೇಲೆ ಉರುಳ್ತಾ ಇಳಿಯೋದು ಗೊತ್ತಾಗುತ್ತೆ, ಕೈ ಮಾತ್ರ ಅಲ್ಲಾಡಿಸಂಗಿಲ್ಲ. ಹೆಲ್ಮೆಟ್ಟನ್ನ ದಿನಕ್ಕೆ ನೂರಾರು ಸಲ ಕತ್ತು ಕೊಡವಿ ಕೆಳಗಿಳಿಸೋ ಚಟ ಬೇರೆ. ಬೆಳಕು ಬಿದ್ದ ಕೂಡಲೇ ತಾನೇ ಕಪ್ಪಾಗೋ ಗಾಜಿನದ್ದು ತಗೊಂಡ್ರೆ ಅದಾದ್ರೂ ತಪ್ಪುತ್ತೆ.

ಕಿವಿನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. 85 ಡೆಸಿಬಲ್ ಸದ್ದಲ್ಲಿ 8 ಗಂಟೆ ಇರಬಹುದು ಅಂತಾರೆ, ಅದರ ಮೇಲೆ 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ. ಗ್ರೈಂಡರ್ 100 ಮುಟ್ಟಿದ್ರೆ 15 ನಿಮಿಷಕ್ಕೇ ಆ ದಿನದ ಪಾಲು ಮುಗೀತು.

ಪ್ರಶ್ನೆ (ಇನ್ನೊಬ್ಬರು): ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ವೆಲ್ಡ್ ಮಾಡಿದ ದಿನ ರಾತ್ರಿ ಚಳಿಜ್ವರ ಬರುತ್ತೆ ಸರ್. ಹಾಲು ಕುಡಿದ್ರೆ ಸರಿಹೋಗುತ್ತಾ?

ಉತ್ತರ: ಹಾಲಿಂದ ಏನೂ ಆಗಲ್ಲ. ಅದು ಸತುವಿನ ಹೊಗೆಯ ಜ್ವರ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತೆ, ಅದಕ್ಕೇ ಹಾಲಿಗೆ ಹೆಸರು ಬಂದಿದ್ದು. ಉಸಿರಾಡೋಕೆ ಕಷ್ಟವಾದ್ರೆ ಮಾತ್ರ ಕಾಯಬೇಡಿ, ಡಾಕ್ಟರ್ ಹತ್ರ ಹೋಗಿ. ಜೋಡಿಸೋ ಜಾಗದ ಸತುವಿನ ಲೇಪ ಮೊದಲೇ ಉಜ್ಜಿ ತೆಗೀರಿ, ಹೊಗೆ ಮುಖಕ್ಕೆ ಏರದ ಹಾಗೆ ತಲೆ ಪಕ್ಕಕ್ಕಿಡಿ, ಫಿಲ್ಟರ್ ಇರೋ ಮಾಸ್ಕ್ ಹಾಕಿ. ಕರ್ಚೀಫು ಮಾಸ್ಕಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ವೆಲ್ಡಿಂಗ್ ಹೊಗೆಯನ್ನ ಖಚಿತವಾಗಿ ಕ್ಯಾನ್ಸರ್ ತರೋ ಗುಂಪಿಗೆ ಸೇರಿಸಿದೆ, ಬರೀ ಜ್ವರದ ಮಾತಲ್ಲ ಇದು.

ಪ್ರಶ್ನೆ (ಮೊದಲಿನವರು): ಹಾಗಾದ್ರೆ ಬೇಡ ಅಂತೀರಾ?

ಉತ್ತರ: ಬೇಡ ಅಂದಿಲ್ಲ ಮಾರಾಯ. ನನ್ನ ಮನೆ ಎದ್ದಿದ್ದೇ ಈ ಕೆಲಸದಿಂದ. ಹೋಗು, ಐದು ವರ್ಷದೊಳಗೆ ಆ ಪೈಪ್ ಪರೀಕ್ಷೆ ಬರಿ. ಮುಂದೆ ಜೋಡಣೆ ಪರೀಕ್ಷಿಸೋ ಇನ್‌ಸ್ಪೆಕ್ಟರ್ ಕೆಲಸಕ್ಕೂ ದಾರಿ ಇದೆ, ಅಲ್ಲಿ ದುಡಿಯೋದು ಕಣ್ಣು. ಮಂಡಿ ಪ್ಯಾಡ್ ಮೊದಲ ದಿನವೇ ಕಟ್ಕೊಂಡು ಹೋಗು. ಜೊತೆಯವರು ನಗ್ತಾರೆ. ನಾನೂ ಹಾಗೆ ನಕ್ಕವನೇ, ಈಗ ಎಡಗಾಲು ಮಡಚಿ ನೆಲದ ಮೇಲೆ ಕೂರೋಕೆ ಆಗಲ್ಲ.