ಫ್ಲೂ ಅಂದ್ರೆ ನೆಗಡಿನೇ ಅಲ್ವಾ? ಅನುಭವ ಇದ್ದವರು ಹೇಳಿ

ಕೇಳಿದವರು, ದಾವಣಗೆರೆ:
ಅತ್ತೆಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ನಿನ್ನೆ ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತಿದ್ದವರು ಸಂಜೆ ಹೊತ್ತಿಗೆ ಚಳಿಜ್ವರ ಬಂದು ಮಲಗಿಬಿಟ್ಟರು. ಡಾಕ್ಟರು ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಅಂದರು. ಆಂಟಿಬಯೋಟಿಕ್ ಬರೆದಿಲ್ಲ. ನೆಗಡಿಗೆ ಇಷ್ಟೊಂದು ಸುಸ್ತಾಗುತ್ತಾ? ಮನೆಯಲ್ಲಿ ಚಿಕ್ಕ ಮಗಳೂ ಇದ್ದಾಳೆ.

ಹುಬ್ಬಳ್ಳಿಯಿಂದ:
ನೆಗಡಿ ನಿಧಾನಕ್ಕೆ ಬರುತ್ತೆ ಅಕ್ಕಾ. ಮೊದಲು ಗಂಟಲು ಕೆರೆತ, ಆಮೇಲೆ ಸೀನು, ಮೂಗು ಸೋರುವುದು. ಫ್ಲೂ ಹಾಗಲ್ಲ, ಇಷ್ಟು ಗಂಟೆಗೆ ಶುರುವಾಯ್ತು ಅಂತ ಹೇಳಬಹುದು. ನನಗೆ ಬಂದಾಗ ಕಣ್ಣು ಹೊರಳಿಸಿದರೂ ನೋವು, ತಲೆ ಬಾಚಿದರೆ ಕೂದಲ ಬುಡವೂ ನೋವು. ಮೂಗು ಮಾತ್ರ ಒಣಗಿತ್ತು! ಜ್ವರ ಬೇಗ ಬಿಟ್ಟಿತು, ಒಣಕೆಮ್ಮು ವಾರಗಟ್ಟಲೆ ಬಿಡಲಿಲ್ಲ.

ಮೈಸೂರಿನಿಂದ, ನರ್ಸ್:
ಆಂಟಿಬಯೋಟಿಕ್ ಬರೆಯದೆ ಇದ್ದದ್ದೇ ಸರಿ. ಅದು ಬ್ಯಾಕ್ಟೀರಿಯಾಕ್ಕೆ, ಫ್ಲೂ ತರುವುದು ವೈರಸ್. ಇದಕ್ಕೆ ಅಂತಲೇ ಒಸೆಲ್ಟಾಮಿವಿರ್ ಅನ್ನುವ ಔಷಧಿ ಇದೆ. ಕಾಯಿಲೆ ಶುರುವಾಗಿ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತೆ. ವಯಸ್ಸು, ಸಕ್ಕರೆ ಎರಡೂ ಇರುವುದರಿಂದ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ನುಂಗಿಸಬೇಡಿ.

ಎಲ್ಲರೂ ಥರ್ಮಾಮೀಟರ್ ಹಿಡಿದು ಕೂರುತ್ತಾರೆ. ನೀವು ಉಸಿರು ನೋಡಿ. ಒಂದು ವಾಕ್ಯ ಪೂರ್ತಿ ಹೇಳುವಷ್ಟರಲ್ಲಿ ಏದುಸಿರು ಬಂದರೆ, ಎದೆ ನೋವು ಅಂದರೆ, ಗೊಂದಲವಾಗಿ ಏನೇನೋ ಮಾತಾಡಿದರೆ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅನ್ನಬೇಡಿ. ಇನ್ನೊಂದು ಮೋಸ ಇದೆ. ಜ್ವರ ಬಿಟ್ಟು ಹುಷಾರಾದರು ಅನ್ನುವಷ್ಟರಲ್ಲಿ ಮತ್ತೆ ಜ್ವರ, ಕಫ ಶುರುವಾದರೆ ನ್ಯುಮೋನಿಯಾ ಇರಬಹುದು. ಆಗ ಆಂಟಿಬಯೋಟಿಕ್ ಬೇಕಾದೀತು. ಜ್ವರದಲ್ಲಿ ಸಕ್ಕರೆ ಏರುತ್ತೆ, ಊಟ ಬಿಟ್ಟು ಸಕ್ಕರೆ ಕಾಯಿಲೆ ಮಾತ್ರೆ ತಗೊಂಡರೆ ಇಳಿದೂಬಿಡುತ್ತೆ. ಹಾಗಾಗಿ ದಿನಾ ಬೆರಳು ಚುಚ್ಚಿ ನೋಡಿ. 2023ರಲ್ಲಿ ಎಚ್3ಎನ್2 ಅನ್ನುವ ಫ್ಲೂ ಬಂದಾಗ ಹಾಸನ ಜಿಲ್ಲೆಯಲ್ಲಿ ತೀರಿಕೊಂಡ ಒಬ್ಬರಿಗೆ 82 ವರ್ಷ. ಸಕ್ಕರೆ, ಬಿಪಿ ಎರಡೂ ಇತ್ತು. ಹೆದರಿಸಲಿಕ್ಕಲ್ಲ, ಯಾರ ಮೇಲೆ ಕಣ್ಣಿಡಬೇಕು ಅಂತ ಗೊತ್ತಿರಲಿ.

ಮಗಳಿಗೆ ಜ್ವರ ಬಂದರೆ ಆಸ್ಪಿರಿನ್ ಬೇಡವೇ ಬೇಡ.

ಶಿರಸಿಯಿಂದ:
ಮಳೆಗಾಲದ ಜ್ವರ ಎಲ್ಲಾ ಫ್ಲೂ ಅಲ್ಲ ಮಾರಾಯ್ರೆ. ಡೆಂಗಿಯಲ್ಲೂ ಮೈಕೈ ನೋವು, ಕಣ್ಣಿನ ಹಿಂದೆ ನೋವು ಇರುತ್ತೆ. ಕೆಮ್ಮೇ ಇಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಸಾಕು, ಬೇರೆ ನೋವಿನ ಮಾತ್ರೆ ಬೇಡ.

ಬೆಂಗಳೂರಿನಿಂದ:
ಮಗಳನ್ನು ಸದ್ಯ ಅಜ್ಜಿ ಪಕ್ಕ ಮಲಗಿಸಬೇಡಿ. ಜ್ವರ ಕಾಣುವ ಹಿಂದಿನ ದಿನದಿಂದಲೇ ಇದು ಅಂಟುತ್ತೆ, ಆಮೇಲೂ ಐದಾರು ದಿನ. ಕಿಟಕಿ ತೆಗೆದಿಡಿ, ಹತ್ತಿರ ಹೋಗುವವರು ಮಾಸ್ಕ್ ಹಾಕಿ.

ಅತ್ತೆ ಚೇತರಿಸಿಕೊಂಡ ಮೇಲೆ ಲಸಿಕೆ ವಿಚಾರ ಕೇಳಿ. ಒಂದು ಸಲ ಹಾಕಿಸಿದರೆ ಮುಗೀತು ಅನ್ನುವ ಹಾಗಿಲ್ಲ, ವೈರಸ್ ಪ್ರತಿ ವರ್ಷ ವೇಷ ಬದಲಿಸುತ್ತೆ. ಅದಕ್ಕೇ ಲಸಿಕೆಯಲ್ಲಿ ಯಾವ ಯಾವ ಫ್ಲೂ ವೈರಸ್ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಪರಿಶೀಲಿಸಿ ಹೇಳುತ್ತೆ. ಚುಚ್ಚಿಸಿದ ಮೇಲೆ ಮೈಗೆ ಹತ್ತಲು ಎರಡು ವಾರ ಬೇಕು. ನಮ್ಮಲ್ಲಿ ಜನವರಿಯಿಂದ ಮಾರ್ಚ್, ಮತ್ತೆ ಮಳೆಗಾಲದಲ್ಲಿ ಫ್ಲೂ ಜಾಸ್ತಿ. ಅದಕ್ಕೂ ಮುಂಚೆಯೇ ಹಾಕಿಸಿ.

ತುಮಕೂರಿನಿಂದ:
ಶುಂಠಿ ಕಷಾಯ ಕೊಡಿ, ವೈರಸ್ ಸಾಯಲ್ಲ, ಗಂಟಲಿಗೆ ಹಿತ ಅಷ್ಟೆ. ಬೆಲ್ಲ ಹಾಕಬೇಡಿ ಮತ್ತೆ!